ಒದರುವ ಬೆಲ್ಟು

ಹೋದ ಸಂಚಿಕೆಯಲ್ಲಿ ನಮ್ಮ ಈ ಪುಟ ಬರಲಿಲ್ಲ. ಸಂಕ್ರಾಂತಿಯ ದಿನ ಸಂಘದಲ್ಲಿ ಎಳ್ಳುಬೆಲ್ಲ ಕೊಡುವಾಗ ಇಬ್ಬರು ಹಿರಿಯರು ಎಲ್ಲರೆದುರಿಗೇ ಕಾರಣ ಕೇಳಿದರು. "ಕೈಗೆ ಮಸಿಯಾಗಿತ್ತು" ಎಂದೆವು. "ಬರೆಯುವವರ ಕೈಗೆ ಮಸಿಯಲ್ಲದೆ ಮತ್ತೇನು ಆದೀತು!" ಎಂದು ಅವರು ನಕ್ಕರು. ನಮ್ಮ ಕೈಗಾದದ್ದು ಬರೆಯುವ ಮಸಿಯಲ್ಲ, ಮೋಟಾರಿನ ಮಸಿ. ಆ ಕತೆಯನ್ನೇ ಈ ಸಲ ಹೇಳಿಬಿಡುತ್ತೇವೆ. ಹಳೆಯ ಕಾರು ಇಟ್ಟುಕೊಂಡ ಮನೆಗಳು ನಮ್ಮ ಬಳಗದಲ್ಲಿ ಇನ್ನೂ ನಾಲ್ಕಾರಿವೆ. ಅವರಿಗೆ ಕೆಲಸಕ್ಕೆ ಬಂದೀತು. ಕಾರಿಲ್ಲದವರು ಅಪ್ಪ ಇರುವವರಾದರೆ ಅವರೂ ಓದಬಹುದು.

(ನಾವು ಎಂದು ಬರೆಯುವುದು ದೊಡ್ಡಸ್ತಿಕೆಗಲ್ಲವೆಂದು ಹಿಂದೆಯೂ ಅರಿಕೆ ಮಾಡಿಕೊಂಡಿದ್ದೇವೆ. ಹನ್ನೆರಡು ವರ್ಷ ಸರಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದವನ ಕೈಗೆ 'ನಾನು' ಎಂಬ ಶಬ್ದ ಬೇಗನೆ ಬರುವುದಿಲ್ಲ.)

ತಾರ್ನಾಕದ ಒಳಬೀದಿಯಲ್ಲಿರುವ ನಮ್ಮ ಮನೆಯ ಮುಂದೆ ನಿಂತಿರುವುದು 1986ರ ಪ್ರೀಮಿಯರ್ ಪದ್ಮಿನಿ. ಬಣ್ಣ ಮೊದಲು ಹಾಲಿನದು, ಈಗ ಚಹದ್ದು. ನಮ್ಮ ತಂದೆಯವರು ಲಾಲಗುಡದ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರು. 1994ರಲ್ಲಿ ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದು ಇದನ್ನು ಎರಡನೆಯ ಕೈಯಿಂದ ಕೊಂಡರು. ಹುಮನಾಬಾದಿನ ಹತ್ತಿರದ ನಮ್ಮೂರಿಗೆ ಆ ಕಾಲದಲ್ಲಿ ಸ್ವಂತ ಕಾರಿನಲ್ಲಿ ಹೋಗಿ ಇಳಿಯುವುದೆಂದರೆ ಏನೆಂಬುದನ್ನು ಊರು ಬಿಟ್ಟು ಬಂದ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ವರ್ಷದ ಕೆಳಗೆ ಗ್ಲಾಕೋಮದಿಂದ ಅವರ ದೃಷ್ಟಿ ಬಹಳವಾಗಿ ಇಳಿಯಿತು. ಒಂದು ದಿನ ಕಾರಿನ ಕೀಲಿಕೈಯನ್ನು ದೇವರ ಮನೆಯ ಮೊಳೆಗೆ ತೂಗುಹಾಕಿದರು. ಅದರ ವಿಷಯ ಮತ್ತೆ ಮಾತಾಡಲಿಲ್ಲ.

ನಾವು ಬಿ.ಎ.ಯಲ್ಲಿ ಓದಿದ್ದು ಇತಿಹಾಸ. ಆದ್ದರಿಂದ ಇಂಜಿನ್ನಿಗಿಂತ ಮೊದಲು ಇತಿಹಾಸವನ್ನು ಒಂದಿಷ್ಟು ಸಹಿಸಿಕೊಳ್ಳಬೇಕು. ಈ ಕಾರಿನ ಬೇರು ಇಟಲಿಯದು. ಫಿಯಟ್ 1100 ಎಂಬ ಹೆಸರಿನಿಂದ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸಿನವರು ತಯಾರಿಸುತ್ತಿದ್ದರು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ರಾಣಿಯ ಹೆಸರು ಬಂತು. ಆ ಕಂಪನಿಯ ಹುಟ್ಟಿನಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಕೈಯಿದೆಯೆಂಬುದು ಅನೇಕರಿಗೆ ತಿಳಿಯದು. ಭಾರತದಲ್ಲಿಯೇ ಮೋಟಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಮಾಡಿ, ಅದರ ಬೆನ್ನುಹತ್ತಿದವರು ಅವರು. ವಾಲ್‌ಚಂದ್ ಹೀರಾಚಂದರು ಆ ಹಂಬಲವನ್ನು ಹೊತ್ತರು. ಬ್ರಿಟಿಷ್ ಸರಕಾರ ಒಲಿಯಲಿಲ್ಲ. ಕಾರಿಗೆ ಮೊದಲು ವಿಮಾನವೇ ಬಂದು, 1940ರಲ್ಲಿ ಮೈಸೂರು ಸರಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಎದ್ದಿತು. ಪ್ರೀಮಿಯರ್ ಹುಟ್ಟಿದ್ದು 1944ರಲ್ಲಿ. 1908ರ ಮೂಸಿ ನದಿಯ ಮಹಾಪೂರದ ತರುವಾಯ ಈ ಹೈದರಾಬಾದು ಮತ್ತೆ ಮುಳುಗದಂತೆ ಯೋಜನೆ ಹಾಕಿಕೊಟ್ಟವರೂ ಅವರೇ. ನಮ್ಮ ಮನೆಯ ನಲ್ಲಿಯ ಮುಂದೆಯೂ ಕಾರಿನ ಮುಂದೆಯೂ ನಿಂತಾಗ ಒಮ್ಮೊಮ್ಮೆ ಅವರ ರುಮಾಲು ನೆನಪಾಗುವುದುಂಟು.

ಮುಂಬಯಿಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಓಡುತ್ತಿದ್ದ ಪದ್ಮಿನಿಗಳಲ್ಲಿ ಕೊನೆಯದರ ಇಪ್ಪತ್ತು ವರ್ಷದ ಗಡುವು 2023ರ ಅಕ್ಟೋಬರಿಗೆ ತೀರಿತು. ಖಾಸಗಿ ಕಾರಿನ ಮಾತು ಬೇರೆ. ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಯೋಗ್ಯತೆಯ ಪರೀಕ್ಷೆ ಮಾಡಿಸಿ ನೋಂದಣಿ ಮುಂದುವರಿಸಿಕೊಳ್ಳಬೇಕು. ನಮ್ಮದರ ಸರದಿ ಈ ಆಷಾಢಕ್ಕೆ ಬರುತ್ತದೆ.

ಇರಲಿ. ತೊಂದರೆ ಸುರುವಾದದ್ದು ಹೋದ ಮಳೆಗಾಲದಲ್ಲಿ. ಮುಂಜಾನೆ ಕಾರು ಸುರು ಮಾಡಿದೊಡನೆ ಮುಂದಿನಿಂದ ಕೀಽಽ ಎಂಬ ಒದರಾಟ. ಎಳೆ ಹಂದಿಮರಿಯನ್ನು ಚೀಲಕ್ಕೆ ಹಾಕಿದಂತೆ. ಅರ್ಧ ನಿಮಿಷಕ್ಕೆ ನಿಲ್ಲುತ್ತಿತ್ತು. ದೀಪ ಹಚ್ಚಿದರೆ ಮತ್ತೆ. ಎದುರು ಮನೆಯ ರೆಡ್ಡಿಯವರು ಮೊದಲು ಕಿಟಕಿ ತೆರೆದು ನೋಡುತ್ತಿದ್ದರು. ಎರಡನೆಯ ವಾರದಿಂದ ಕಿಟಕಿ ಮುಚ್ಚತೊಡಗಿದರು.

ಇದು ಫ್ಯಾನ್ ಬೆಲ್ಟಿನ ದನಿಯೆಂಬುದು ನಮಗೆ ಗೊತ್ತಿತ್ತು. ಗೊತ್ತಿಲ್ಲದವರಿಗಾಗಿ ಹೇಳುತ್ತೇವೆ. ಇಂಜಿನ್ನಿನ ಮುಂಭಾಗದಲ್ಲಿ ಮೂರು ಪುಲ್ಲಿಗಳಿವೆ. ಕೆಳಗಿನದು ಇಂಜಿನ್ನಿನಿಂದಲೇ ತಿರುಗುತ್ತದೆ. ನಡುವಿನದು ನೀರಿನ ಪಂಪಿನದು. ಅದರ ಮೂತಿಗೇ ಫ್ಯಾನು. ಪಕ್ಕದ್ದು ಆಲ್ಟರ್ನೇಟರಿನದು, ದೀಪಕ್ಕೂ ಹಾರನ್ನಿಗೂ ಬ್ಯಾಟರಿಗೂ ಕರೆಂಟು ಕೊಡುವುದು ಅದೇ. (ನಮ್ಮ ಕಾರಿನಲ್ಲಿ ಮೊದಲು ಇದ್ದದ್ದು ಡೈನಮೊ, ದೀಪ ಮಂಕಾಗುತ್ತದೆಂದು ತಂದೆಯವರು ಅದನ್ನು ತೆಗೆದು, ತಾವೇ ಒಂದು ಬ್ರಾಕೆಟ್ಟು ಮಾಡಿ ಆಲ್ಟರ್ನೇಟರ್ ಕೂಡಿಸಿದ್ದರು.) ಈ ಮೂರನ್ನೂ ಸುತ್ತಿ ಹೋಗುವುದು ಒಂದೇ ಬೆಲ್ಟು. ಒಬ್ಬನ ಸಂಬಳದಲ್ಲಿ ಮೂರು ಮನೆ ನಡೆಯುವಂತೆ. ಅವನು ಜಾರಿದನೆಂದರೆ ಒಂದು ಕಡೆ ಬ್ಯಾಟರಿ ಬರಿದಾಗುತ್ತದೆ, ಇನ್ನೊಂದು ಕಡೆ ನೀರು ಸುತ್ತದೆ ಇಂಜಿನ್ನು ಕುದಿಯುತ್ತದೆ.

ಮುಂಜಾನೆಯೇ ಏಕೆ ಒದರುತ್ತದೆ? ಇಂಜಿನ್ನು ಸುರು ಮಾಡುವುದಕ್ಕೆ ಬ್ಯಾಟರಿ ತನ್ನ ಶಕ್ತಿಯನ್ನು ಒಮ್ಮೆಲೇ ಖರ್ಚುಮಾಡಿರುತ್ತದೆ. ಅದನ್ನು ತುಂಬಿಕೊಡಲು ಆಲ್ಟರ್ನೇಟರ್ ಹೆಚ್ಚು ಕರೆಂಟು ಕೊಡಬೇಕು. ಹೆಚ್ಚು ಕೊಡುವಾಗ ಅದನ್ನು ತಿರುಗಿಸುವುದು ಭಾರವಾಗುತ್ತದೆ, ಬೆಲ್ಟಿನ ಹಿಡಿತ ಸಾಲದೆ ಜಾರುತ್ತದೆ. ದೀಪ ಹಚ್ಚಿದಾಗಲೂ ಇದೇ ಕಾರಣ. ಜಾರಿದರೆ ಬಿಸಿಯಾಗುತ್ತದೆ, ಬಿಸಿಗೆ ರಬ್ಬರು ಗಾಜಿನಂತೆ ನುಣುಪಾಗುತ್ತದೆ, ನುಣುಪಾದದ್ದು ಇನ್ನೂ ಜಾರುತ್ತದೆ. ಸಾಲದ ಬಡ್ಡಿಯ ಲೆಕ್ಕವೂ ಹೀಗೆಯೇ.

ಇಷ್ಟು ತಿಳಿದಿದ್ದೂ ನಾವು ಮಾಡಿದ ಮೊದಲನೆಯ ಕೆಲಸ, ರೆಡ್ಡಿಯವರ ಮಾತು ಕೇಳಿ ಬೆಲ್ಟಿಗೆ ಬಟ್ಟೆ ಸೋಪು ತಿಕ್ಕಿದ್ದು. ಎರಡು ದಿನ ಸುಮ್ಮನಿತ್ತು. ಸೋಪು ಬೆಲ್ಟಿನ ಬಾಯಿ ಮುಚ್ಚಿಸುತ್ತದೆಯೇ ಹೊರತು ಹಿಡಿತ ಕೊಡುವುದಿಲ್ಲ; ಜಾರುವುದು ಮೊದಲಿಗಿಂತ ಹೆಚ್ಚು, ಆದರೆ ನಮಗೆ ಕೇಳುವುದಿಲ್ಲ. ಎರಡನೆಯದು, ಬಿಗಿ ಮಾಡಿದ್ದು. ಎರಡು ವಾರದಲ್ಲಿ ಮತ್ತೆ ಒದರಿತು. ಮೂರನೆಯದು, ರಾಣಿಗಂಜಿಗೆ ಹೋಗಿ 280 ರೂಪಾಯಿ ಕೊಟ್ಟು ಹೊಸ ಬೆಲ್ಟು ತಂದದ್ದು. ಹಳೆಯದನ್ನು ಒಯ್ದು ಪಕ್ಕದಲ್ಲಿ ಹಿಡಿದು ಅಗಲವನ್ನೂ ಉದ್ದವನ್ನೂ ತಾಳೆ ನೋಡಿಯೇ ತಂದೆವು. ಅದೂ ಹದಿನೈದು ದಿನಕ್ಕೆ ರಾಗ ತೆಗೆಯಿತು.

ಈ ಹೊತ್ತಿನಲ್ಲೆಲ್ಲ ತಂದೆಯವರು ಪಡಸಾಲೆಯ ಕುರ್ಚಿಯ ಮೇಲೆ ಕೂತೇ ಇದ್ದರು. ಒದರಾಟ ಕೇಳಿದಾಗ ತಲೆಯನ್ನು ಒಂದಿಷ್ಟು ಹೊರಳಿಸುತ್ತಿದ್ದರು, ಅಷ್ಟೆ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಕಣ್ಣಿಲ್ಲದವರನ್ನು ಕಾರಿನ ಮುಂದೆ ಕರೆಯುವುದು ಅವರ ಮನಸ್ಸಿಗೆ ನೋವಾದೀತೆಂದು ನಾವು ತಿಳಿದಿದ್ದೆವು. ಹಾಗೆ ತಿಳಿದುಕೊಳ್ಳುವುದು ನಮಗೂ ಅನುಕೂಲವಾಗಿತ್ತೆಂದು ಈಗ ತೋರುತ್ತದೆ.

ಮಾರ್ಗಶಿರದಲ್ಲಿ ದತ್ತ ಜಯಂತಿಗೆ ಮಾಣಿಕನಗರಕ್ಕೆ ಹೋಗುವುದು ನಮ್ಮ ಮನೆಯ ಪದ್ಧತಿ. ಆಫೀಸಿನಲ್ಲಿ ಅರ್ಧ ದಿನದ ರಜೆ ಸಿಕ್ಕಿತು. ತಂದೆಯವರು ಮುಂದೆ, ಅವ್ವ, ನಮ್ಮ ಮನೆಯವರು, ಆರು ವರ್ಷದ ಮಗಳು ಹಿಂದೆ. ಸಂಗಾರೆಡ್ಡಿ, ಸದಾಶಿವಪೇಟೆ ದಾಟುವ ತನಕ ಹಗಲು; ಎಲ್ಲ ಚೆನ್ನಾಗಿಯೇ ಇತ್ತು. ಜಹೀರಾಬಾದು ಬಿಟ್ಟ ಮೇಲೆ ಕತ್ತಲಾಯಿತು. ದೀಪ ಹಚ್ಚಿದೆವು. ಒದರಾಟ ಸುರುವಾಯಿತು, ಈ ಸಲ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ರಬ್ಬರು ಸುಟ್ಟ ವಾಸನೆ. ಮುಂದಿನ ಕೆಂಪು ದೀಪ ಮಿಣುಕಿತು, ಹೆಡ್‌ಲೈಟು ಹಳದಿಯಾಗಿ ಕಂದೀಲಿನಂತಾಯಿತು, ನೀರಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ ನಿಂತಿತು. ರಸ್ತೆಯ ಅಂಚಿಗೆ ನಿಲ್ಲಿಸಿದೆವು.

ಹೆದ್ದಾರಿಯಲ್ಲಿ ದೀಪವಿಲ್ಲದ ಕಾರಿನೊಳಗೆ ಕೂತವರಿಗೆ ಹಿಂದಿನಿಂದ ಬರುವ ಲಾರಿಯ ಬೆಳಕು ಹೇಗಿರುತ್ತದೆಂಬುದನ್ನು ಬರೆಯುವುದು ಬೇಡ. ಒಂದೊಂದು ಲಾರಿ ಹೋದಾಗಲೂ ಕಾರು ಅಲುಗುತ್ತಿತ್ತು. ಅವ್ವನನ್ನೂ ಮಗಳನ್ನೂ ಇಳಿಸಿ ಹೊಲದ ಬದುವಿನ ಮೇಲೆ ಕೂಡಿಸಿದೆವು. ತಂದೆಯವರನ್ನು ಕೈಹಿಡಿದು ಇಳಿಸುವಾಗ ಅವರ ಕೈ ತಣ್ಣಗಿತ್ತು. ನಾವು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಹೋದದ್ದು ಬಾನೆಟ್ಟು ಎತ್ತಿದ ಸದ್ದಿನಿಂದಲೇ ಅವರಿಗೆ ಗೊತ್ತಾಗಿರಬೇಕು. "ಮುಟ್ಟಬ್ಯಾಡ!" ಎಂದರು. ಮುಟ್ಟಿದ್ದರೆ ಕುದಿಯುವ ನೀರು ಮುಖಕ್ಕೇ ಬರುತ್ತಿತ್ತು.

ಅರ್ಧ ಗಂಟೆಯ ಮೇಲೆ ಕೆಎ 32 ನಂಬರಿನ ಒಂದು ಲಾರಿ ನಿಂತಿತು. ಕ್ಲೀನರ್ ಹುಡುಗ ಮೊದಲು ಮಾಡಿದ ಕೆಲಸವೆಂದರೆ, ಗಿಡದ ತೊಪ್ಪಲು ಮುರಿದು ನಮ್ಮ ಕಾರಿನ ಹಿಂದೆ ಐವತ್ತು ಹೆಜ್ಜೆಯ ತನಕ ರಸ್ತೆಯ ಮೇಲೆ ಇಟ್ಟದ್ದು. ಆಮೇಲೆ ಜಾಕಿನ ರಾಡು ಹಾಕಿ ಆಲ್ಟರ್ನೇಟರನ್ನು ಮೀಟಿ ಬೆಲ್ಟನ್ನು ತಂಬೂರಿಯ ತಂತಿಯ ಹಾಗೆ ಬಿಗಿದ. ಇಂಜಿನ್ನು ಆರಿದ ಮೇಲೆ ನೀರು ಹಾಕಿದ. "ಹುಮನಾಬಾದ್ ತನಕ ನಡೀತದ್ರಿ. ನಮ್ಮ ಗಾಡಿ ಹಿಂದನೇ ಬರ್ರಿ" ಎಂದ ಡ್ರೈವರು. ದುಡ್ಡು ಮುಟ್ಟಲಿಲ್ಲ. ಆ ಲಾರಿಯ ಕೆಂಪು ದೀಪ ನೋಡುತ್ತ ಹುಮನಾಬಾದು ಮುಟ್ಟಿದೆವು.

ಊರಿಂದ ಹಗಲಿನಲ್ಲಿಯೇ ಮರಳಿ ಬಂದೆವು. ಬಂದ ರಾತ್ರಿ ನಮ್ಮ ಮನೆಯವರು ಒಂದೇ ಮಾತು ಹೇಳಿದರು: "ಕೂಸಿನ್ನ ಕೂಡಿಸ್ಕೊಂಡು ಈ ಗಾಡ್ಯಾಗ ಇನ್ನ ಹೋಗೂದು ಬ್ಯಾಡ್ರಿ." ಅದಕ್ಕೆ ಉತ್ತರವಿರಲಿಲ್ಲ. ಹಳೆಯ ಗಾಡಿ ಕೊಳ್ಳುವವನೊಬ್ಬ 18,000 ಕೊಡುತ್ತೇನೆಂದು ಮೊದಲೇ ಹೇಳಿ ಹೋಗಿದ್ದ. ತಂದೆಯವರನ್ನು ಕೇಳಿದೆವು. "ಮಾರು" ಎಂದರು. ಅವನಿಗೆ ಮುಂದಿನ ಭಾನುವಾರ ಹನ್ನೊಂದಕ್ಕೆ ಬಾ ಎಂದು ಹೇಳಿಕಳುಹಿಸಿದೆವು.

ಆ ಭಾನುವಾರ ಮುಂಜಾನೆ ನಾವು ಬಾನೆಟ್ಟು ಎತ್ತಿದ್ದು ಧರ್ಮಕ್ಕಾಗಿ ಅಲ್ಲ. ಒದರುವ ಗಾಡಿಗಿಂತ ಸುಮ್ಮನಿರುವ ಗಾಡಿಗೆ ಎರಡು ಸಾವಿರ ಹೆಚ್ಚು ಬಂದೀತೆಂಬ ಗುಮಾಸ್ತನ ಲೆಕ್ಕ. ಇನ್ನೊಂದು ಹೊಸ ಬೆಲ್ಟು ತಂದಿದ್ದೆವು. ಹಳೆಯದನ್ನು ಬಿಚ್ಚಿ ಮೆಟ್ಟಿಲ ಮೇಲೆ ಎಸೆದಾಗ ತಂದೆಯವರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. "ಅದನ್ನ ಇತ್ತ ಕೊಡು" ಎಂದರು.

ಬೆಲ್ಟನ್ನು ಕೈಯಲ್ಲಿ ಹಿಡಿದು, ಜಪಮಾಲೆಯಂತೆ ಹೆಬ್ಬೆರಳಿನಿಂದ ಸುತ್ತಲೂ ತಡವಿದರು. ಮೊದಲು ಒಂದು ಬದಿ, ಆಮೇಲೆ ಇನ್ನೊಂದು ಬದಿ.

"ತಮ್ಮಾ, ಇದು ಸಡ್ಲಾಗಿ ಒದರಿದ್ದಲ್ಲೋ. ಸೊಟ್ಟ ನಡದದ."

ನಮಗೂ ತಡವಲು ಕೊಟ್ಟರು. ಒಂದು ಬದಿ ಹೊಸದರ ಹಾಗೆಯೇ ಒರಟು. ಇನ್ನೊಂದು ಬದಿ ಸ್ಲೇಟಿನಂತೆ ನುಣುಪು, ಅಂಚಿನಲ್ಲಿ ಎಳೆ ಬಿಟ್ಟಿತ್ತು. ಈ ಬೆಲ್ಟು ಪುಲ್ಲಿಯ ತಳಕ್ಕೆ ಕೂತು ಹಿಡಿಯುವುದಲ್ಲ. ಅದರ ಎರಡು ಓರೆ ಬದಿಗಳು ಪುಲ್ಲಿಯ ಸಂದಿಯಲ್ಲಿ ಬೆಣೆಯ ಹಾಗೆ ಸಿಕ್ಕಿಕೊಂಡು ಹಿಡಿಯುತ್ತವೆ. ತಳ ಮುಟ್ಟಿತೆಂದರೆ ಬೆಲ್ಟು ಸವೆದಿದೆಯೆಂದೇ ಅರ್ಥ. ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲದಿದ್ದರೆ ಬೆಲ್ಟು ಸಂದಿಯೊಳಗೆ ಓರೆಯಾಗಿ ಇಳಿಯುತ್ತದೆ. ಒಂದೇ ಬದಿ ತಿಕ್ಕುತ್ತದೆ, ಒಂದೇ ಬದಿ ಸವೆಯುತ್ತದೆ. ನಾವು ಎಷ್ಟು ಬಿಗಿದರೂ ಎಷ್ಟು ಹೊಸದು ತಂದರೂ ಹದಿನೈದು ದಿನದಲ್ಲಿ ಅದೇ ಗತಿ.

"ಆಲ್ಟರ್ನೇಟರ್ ಯಾರರ ಬಿಚ್ಚಿದ್ದರೇನು?"

ಬಿಚ್ಚಿದ್ದರು. ಮಳೆಗಾಲದ ಮುಂಚೆ ಅದರ ಬೇರಿಂಗು ಹೋಗಿತ್ತು. ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದೆವು. ಒದರಾಟ ಅದಾದ ಮೇಲೆಯೇ ಸುರುವಾದದ್ದು. ಐದು ತಿಂಗಳು ಈ ಎರಡು ಸಂಗತಿಗಳನ್ನು ನಾವು ಜೋಡಿಸಿ ನೋಡಿರಲಿಲ್ಲ. ಕಚೇರಿಯಲ್ಲಿ ಹಿಂದಿನ ಕಾಗದ ನೋಡದೆ ಟಿಪ್ಪಣಿ ಬರೆದ ಗುಮಾಸ್ತನನ್ನು ನಾವೇ ಎಷ್ಟು ಸಲ ಆಡಿಕೊಂಡಿಲ್ಲ!

"ಬ್ರಾಕೆಟ್ಟಿಗೂ ಅದರ ಕಿವಿಗೂ ನಡುವ ಒಂದು ದಪ್ಪ ವಾಷರ್ ಇಟ್ಟಿದ್ದೆ. ಅದ ಏನು ನೋಡು."

ಇರಲಿಲ್ಲ.

ತಂದೆಯವರು ಅವ್ವನ ಹೂಕಟ್ಟುವ ದಾರ ತರಿಸಿದರು. ಒಂದು ತುದಿ ಕೆಳಗಿನ ಪುಲ್ಲಿಯ ಸಂದಿಯಲ್ಲಿ, ಇನ್ನೊಂದು ತುದಿ ಆಲ್ಟರ್ನೇಟರಿನ ಪುಲ್ಲಿಯ ಸಂದಿಯಲ್ಲಿ ಬಿಗಿಯಾಗಿ ಎಳೆದು ಹಿಡಿಯಬೇಕು. ಕೆಳಗಿನ ತುದಿ ಅವರು ಹಿಡಿದರು, ಮೇಲಿನದು ನಾವು. ನಮ್ಮ ಮನೆಯವರು ಮೇಲಿನಿಂದ ನೋಡಿ ಹೇಳಿದರು: ದಾರ ಸಂದಿಯೊಳಗೆ ನೇರ ಹೋಗುತ್ತಿಲ್ಲ, ಹಿಂದಿನ ಅಂಚಿಗೆ ತಾಗಿ ಬಾಗಿದೆ. ಬಾಗಿದ್ದು ಒಂದು ರೊಟ್ಟಿಯ ದಪ್ಪಕ್ಕಿಂತ ಹೆಚ್ಚಿಲ್ಲ, ಮೂರು ಮಿಲಿಮೀಟರು.

ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಯಿತು. ಅದರೊಳಗಿನ ನೂರೆಂಟು ನಟ್ಟುಬೋಲ್ಟುಗಳಲ್ಲಿ ತಂದೆಯವರು ಬೆರಳಾಡಿಸಿ ನಾಲ್ಕು ವಾಷರು ತೆಗೆದು, ಒಂದನ್ನು ಇಟ್ಟುಕೊಂಡು ಮೂರನ್ನು ತಿರುಗಿ ಹಾಕಿದರು. ನಾವು ಸ್ಕೇಲು ಹಿಡಿದು ನೋಡಿದೆವು. ಮೂರು ಮಿಲಿಮೀಟರೇ.

ಇನ್ನು ಕೆಲಸದ ಕ್ರಮ. ಬ್ಯಾಟರಿಯ ಮೈನಸ್ ತಂತಿ ಮೊದಲು ಬಿಚ್ಚಬೇಕು. ಆಲ್ಟರ್ನೇಟರಿನ ಹತ್ತಿರ ಪಾನಾ ತಗುಲಿದರೆ ಕಿಡಿ ಹಾರುತ್ತದೆ. ಜನಿವಾರ, ಕೊರಳ ಸರ, ಸಡಿಲ ತೋಳು ಇವು ಯಾವುವೂ ಫ್ಯಾನಿನ ಹತ್ತಿರ ಬೇಡ. ಬೆಲ್ಟು ತೆಗೆದಿರುವಾಗಲೇ ಫ್ಯಾನನ್ನು ಕೈಯಿಂದ ಹಿಂದೆ ಮುಂದೆ ಅಲುಗಿಸಿ ನೋಡಬೇಕು. ಲಾರಿಯ ಹುಡುಗ ಅಂದು ನಮ್ಮನ್ನು ಕಾಪಾಡಿದ, ಆದರೆ ಅಷ್ಟು ಬಿಗಿದರೆ ನೀರಿನ ಪಂಪಿನ ಬೇರಿಂಗೂ ಆಲ್ಟರ್ನೇಟರಿನ ಬೇರಿಂಗೂ ಬೇಗ ಸಾಯುತ್ತವೆ. ನಮ್ಮ ಪಂಪು ಅಲುಗಲಿಲ್ಲ, ಪುಣ್ಯ. ಪುಲ್ಲಿಯ ಸಂದಿಗಳಲ್ಲಿ ಅಂಟಿದ ಕಪ್ಪು ಹುಡಿಯನ್ನೂ ಹಳೆಯ ಸೋಪನ್ನೂ ಬಟ್ಟೆಯಿಂದ ಒರಸಿ ಒಣಗಿಸಿದೆವು. ಮೇಲಿನಿಂದ ಎಣ್ಣೆ ಸೋರುತ್ತಿದ್ದರೆ ಅದನ್ನು ನಿಲ್ಲಿಸದೆ ಹೊಸ ಬೆಲ್ಟು ಹಾಕುವುದು ವ್ಯರ್ಥ. ಎಣ್ಣೆ ಕುಡಿದ ಬೆಲ್ಟು ಮತ್ತೆ ಕೆಲಸಕ್ಕೆ ಬಾರದು. ಆಮೇಲೆ ವಾಷರ್ ಇಟ್ಟು, ಕೀಲಿನ ಬೋಲ್ಟನ್ನು ಅರ್ಧ ಬಿಗಿದು, ದಾರ ಹಿಡಿದು ಮತ್ತೊಮ್ಮೆ ನೋಡಿ, ಬೆಲ್ಟು ಹಾಕಿದೆವು. ಬಿಗಿ ಮಾಡುವಾಗ ರಾಡನ್ನು ಆಲ್ಟರ್ನೇಟರಿನ ಪುಲ್ಲಿಯ ಕಡೆಯ ಗಟ್ಟಿ ಭಾಗಕ್ಕೇ ಕೊಟ್ಟು ಮೀಟಬೇಕು. ಹಿಂಭಾಗಕ್ಕೆ ಕೊಟ್ಟರೆ ಅಲ್ಯುಮಿನಿಯಮ್ಮಿನ ಮೈ ಬಿರಿಯುತ್ತದೆ. ಎರಡು ಪುಲ್ಲಿಗಳ ನಡುವಿನ ಉದ್ದನೆಯ ಓಟದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟು ಅರ್ಧ ಇಂಚು ತಗ್ಗಬೇಕು. ನಾವು ಒತ್ತಿ "ಸರಿ ಅದ" ಎಂದೆವು. ತಂದೆಯವರು ಒತ್ತಿ "ಇನ್ನ ಒಂದ್ ಕೂದಲು ಬಿಡು" ಎಂದರು.

ಹನ್ನೊಂದಕ್ಕೆ ಗಾಡಿ ಕೊಳ್ಳುವವನು ಬಂದ. ತಂದೆಯವರ ಬಿಳಿ ಧೋತರಕ್ಕೆ ಮೊಣಕಾಲಿನ ತನಕ ಗ್ರೀಸು. ಅವನು ಸುತ್ತಲೂ ನೋಡಿ, ಇಂಜಿನ್ನು ಸುರು ಮಾಡಿಸಿ, ಕಿವಿಗೊಟ್ಟು, 22,000 ಎಂದ. ನಮ್ಮ ಗುಮಾಸ್ತನ ಲೆಕ್ಕ ತಪ್ಪಿರಲಿಲ್ಲ; ಎರಡಲ್ಲ, ನಾಲ್ಕು ಹೆಚ್ಚು. ನಾವು ಬಾಯಿ ತೆರೆಯುವ ಮುಂಚೆ ನಮ್ಮ ಮನೆಯವರು ಒಳಗಿನಿಂದ ಅವನಿಗೆ ಚಹ ತಂದುಕೊಟ್ಟು, ತೆಲುಗಿನಲ್ಲಿ, ಈ ವಾರ ಬೇಡ, ಆಮೇಲೆ ನೋಡೋಣ ಎಂದುಬಿಟ್ಟರು. ಏಕೆಂದು ನಾವು ಈವರೆಗೆ ಕೇಳಿಲ್ಲ. ಮಗಳನ್ನು ಕೂಡಿಸಿಕೊಂಡು ರಾತ್ರಿಯ ಹಾದಿಗೆ ಹೋಗುವುದಿಲ್ಲವೆಂಬ ಅವರ ಷರತ್ತು ಹಾಗೆಯೇ ಇದೆ, ಅದು ನ್ಯಾಯವಾದದ್ದು. ಆಷಾಢದ ಪರೀಕ್ಷೆಗೆ ಏನು ಮಾಡಬೇಕೆಂಬುದೂ ಇನ್ನೂ ತೀರ್ಮಾನವಾಗಿಲ್ಲ.

ಹೊಸ ಬೆಲ್ಟು ಮೊದಲಲ್ಲಿ ಸ್ವಲ್ಪ ಹಿಗ್ಗುತ್ತದೆ. ಇನ್ನೂರು-ಮುನ್ನೂರು ಕಿಲೋಮೀಟರಿನ ನಂತರ ಮತ್ತೊಮ್ಮೆ ಒತ್ತಿ ನೋಡಲೇಬೇಕು. ನಾವೂ ನೋಡಿದೆವು, ಹೆಚ್ಚೇನೂ ಸಡಿಲಾಗಿರಲಿಲ್ಲ. ಇಂಜಿನ್ನು ನಡೆಯುತ್ತಿರುವಾಗ ಬ್ಯಾಟರಿಯ ಮೇಲೆ ಮೀಟರು ಇಟ್ಟರೆ ಹದಿನಾಲ್ಕು ವೋಲ್ಟಿನ ಆಸುಪಾಸು ತೋರಿಸುತ್ತದೆ. ಅಷ್ಟಿದ್ದರೆ ಚಾರ್ಜು ಸರಿಯಾಗಿ ಆಗುತ್ತಿದೆಯೆಂದು ತಿಳಿಯಬೇಕು.

ನಿಜವಾದ ಪರೀಕ್ಷೆ ಆದದ್ದು ಮರುದಿನ ಮುಂಜಾನೆ. ತಣ್ಣಗಿರುವ ಇಂಜಿನ್ನೇ ಸುಳ್ಳು ಹೇಳುವುದಿಲ್ಲವೆಂದು ತಂದೆಯವರು ರಾತ್ರಿಯೇ ಹೇಳಿದ್ದರು. ಆರು ಗಂಟೆಗೆ ನಾವು ಎದ್ದು ಬರುವಷ್ಟರಲ್ಲಿ ಅವರು ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತಿದ್ದರು. ಕೀಲಿಕೈ ಮೊಳೆಯಿಂದ ಇಳಿದು ಅವರ ಕೈಯಲ್ಲಿತ್ತು. ಸುರು ಮಾಡಿದೆವು. ಸದ್ದಿಲ್ಲ. "ದೀಪ ಹಚ್ಚು" ಎಂದರು. ಹಚ್ಚಿದೆವು. "ಹಾರನ್ ಹೊಡಿ." ಹೊಡೆದೆವು, ರೆಡ್ಡಿಯವರ ಕಿಟಕಿ ತೆರೆಯಿತು. ಬೆಲ್ಟು ಉಸಿರೆತ್ತಲಿಲ್ಲ.

ಬೀದಿಯ ತುದಿಯ ತನಕ ಒಯ್ದು ತಿರುಗಿಸಿಕೊಂಡು ಬಂದೆವು. ತಂದೆಯವರು ತಲೆಯನ್ನು ಒಂದಿಷ್ಟು ಹೊರಳಿಸಿ ಕೇಳುತ್ತಿದ್ದರು.

"ಎಡಕಿನ ಹಿಂದಿನ ಗಾಲಿ ಏನೋ ಅಂತದಲ್ಲೋ, ತಮ್ಮಾ" ಎಂದರು. "ಬರೋ ಐತವಾರ ಅದನ್ನ ಬಿಚ್ಚು."